ಎರಡು ಸೊನ್ನೆಗಳ ರಾತ್ರಿ

ಹೊರನಾಡಿನಲ್ಲಿರುವ ನಮಗೆ ಊರಿನವರ ದನಿ ಕೇಳಿಸುವುದು ದೂರವಾಣಿಯಿಂದ. ಅದಕ್ಕೂ 1999ರಲ್ಲಿ ಒಂದು ಗಂಡಾಂತರ ಎದುರಾಗಿತ್ತು. ಸ್ಮೃತಿಕೋಶ ದುಬಾರಿಯಾಗಿದ್ದ ಕಾಲದಲ್ಲಿ ಗಣಕಯಂತ್ರಗಳಿಗೆ ಇಸವಿಯ ಕೊನೆಯ ಎರಡೇ ಅಂಕಿಗಳನ್ನು ಕಲಿಸಿದ್ದರು. 99 ಮುಗಿದು 00 ಬಂದೊಡನೆ ಯಂತ್ರ ಅದನ್ನು 1900 ಎಂದೆಣಿಸಬಹುದಿತ್ತು. ಡಿಸೆಂಬರ್ 31ರ ರಾತ್ರಿ 11-58ಕ್ಕೆ ಆರಂಭವಾದ ಕರೆ 12-03ಕ್ಕೆ ಮುಗಿದರೆ ಬಿಲ್ಲು ಐದು ನಿಮಿಷಕ್ಕೋ, ನೂರು ವರ್ಷಕ್ಕೋ?

ಪುಣೆಯಿಂದ ಹುಬ್ಬಳ್ಳಿಗೆ ಹೋಗುವ ಕರೆ ಹಲವು ಎಕ್ಸ್‌ಚೇಂಜುಗಳನ್ನು ದಾಟಬೇಕು. ಒಂದನ್ನು ಸರಿಪಡಿಸಿದರೆ ಸಾಲದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲೇ ಇದಕ್ಕೆಂದು ಕಾರ್ಯಪಡೆ ರಚಿಸಿತು. ನಾನಾ ದೇಶಗಳ ದೂರವಾಣಿ ಸಂಸ್ಥೆಗಳು ತಮ್ಮ ಯಂತ್ರಗಳ ಪಟ್ಟಿ ಮಾಡಿ, ಗಡಿಯಾರ ಮುಂದಿಟ್ಟು ಪರೀಕ್ಷಿಸಿದವು. ಫೆಬ್ರುವರಿ 29ನ್ನೂ ಬಿಡಲಿಲ್ಲ. 1900 ಅಧಿಕವರ್ಷವಲ್ಲ, 2000 ಹೌದು. ಹಳೆಯ ಕ್ರಮವಿಧಿಗಳನ್ನು ತಿದ್ದುವ ಸಾಧನಗಳನ್ನು ರೂಪಿಸಿದವರಲ್ಲಿ, 1981ರಲ್ಲಿ ನಮ್ಮ ಪುಣೆಯಲ್ಲೇ ಸ್ಥಾಪನೆಯಾದ ಟಾಟಾ ಸಂಶೋಧನ ಕೇಂದ್ರದವರೂ ಇದ್ದರು.

ಆ ರಾತ್ರಿ ದೊಡ್ಡ ಅನಾಹುತವೇನೂ ಆಗಲಿಲ್ಲ. ಸುಮ್ಮನೆ ಹೆದರಿಸಿದರು ಎಂದವರುಂಟು. ಮಳೆಗಾಲದಲ್ಲಿ ಕೆರೆ ಒಡೆಯಲಿಲ್ಲವೆಂದು, ಏರಿ ಕಟ್ಟಿದ್ದೇ ದಂಡವೆನ್ನುತ್ತೇವೆಯೇ? ಹೆಸರಿಲ್ಲದೆ ನಿದ್ದೆಗೆಟ್ಟು ದುಡಿದ ಆ ಕೈಗಳನ್ನು ನಾವು ನೆನೆಯಬೇಕು.