ಆಟ ಮುಗಿದ ಮೇಲೆ ಕೋಚ್ ಆಗೋದು ಯಾರು?



ಕ್ರಿಕೆಟ್ಟಿನ ಪಲ್ವಂಕರ್ ಬಾಲೂ ಕಥೆಯನ್ನು ನಮ್ಮ ಸಭೆಗಳಲ್ಲಿ ಹತ್ತು ಸಲ ಹೇಳಿದ್ದೀವಿ. ಬೆಂಗಳೂರಿನ ಗೌತಮಪುರದ ಕಥೆ ಮಾತ್ರ ಹೇಳಲ್ಲ. ಹಲಸೂರಿನ ಪಕ್ಕದ ಈ ಬಡಾವಣೆಯಲ್ಲಿ ಬಾಬಾಸಾಹೇಬರು, ಬುದ್ಧ, ಮದರ್ ತೆರೇಸಾ ಜೊತೆಗೆ ಫುಟ್‌ಬಾಲಿನ ಪೆಲೆಯ ಪ್ರತಿಮೆಯೂ ಇದೆ. ದಂಡು ಪ್ರದೇಶದ ಕೆಲಸಕ್ಕೆ ಬಂದ ತಮಿಳು ಕುಟುಂಬಗಳು, ಬಹುಪಾಲು ನಮ್ಮ ಜನ. ಬಿಳಿ ಸೋಲ್ಜರ್‌ಗಳ ಆಟವನ್ನು ಬರಿಗಾಲಲ್ಲೇ ಕಲಿತು ತಮ್ಮದು ಮಾಡಿಕೊಂಡರು.

ಬೆಂಗಳೂರಿನ ಆಟ ಲಂಡನ್ನಿಗೂ ಹೋಯಿತು. 1948ರ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತ 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್, ಧನರಾಜ್ ಕೂಡ ಬೆಂಗಳೂರಿನವರೇ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. ಮತ್ತೆ ಗೆಲ್ಲೋಕೆ 2023 ಬರಬೇಕಾಯ್ತು.

ಗೆದ್ದವರನ್ನು ಪತ್ರಿಕೆಗಳು ನೆನೆಯುತ್ತವೆ. ನನಗೆ ಬೇಕಿರೋದು ಆಟ ನಿಂತ ಮೇಲಿನ ಲೆಕ್ಕ. ಗುಮಾಸ್ತನ ಬುದ್ಧಿ ನೋಡಿ, ಸಂಬಳ-ಪಿಂಚಣಿಯೇ ಮೊದಲು ಕಣ್ಣಿಗೆ ಬೀಳೋದು. ಎಚ್‌ಎಎಲ್, ಐಟಿಐ ಥರದ ಸರ್ಕಾರಿ ಕಾರ್ಖಾನೆಗಳು ಆಟಗಾರರನ್ನು ಕೆಲಸಕ್ಕೇ ತಗೊಂಡವು. ಮೂವತ್ತು ದಾಟಿ ಕಾಲು ಸೋತರೂ ಹಾಜರಿ ಪುಸ್ತಕದಲ್ಲಿ ಹೆಸರು ಉಳೀತು. ಹೊಟ್ಟೆಪಾಡಿನ ಚಿಂತೆ ಇಲ್ಲದವನು ಸಂಜೆ ಕೇರಿ ಮಕ್ಕಳಿಗೆ ಪುಕ್ಕಟೆ ಆಟ ಹೇಳಿಕೊಡಬಲ್ಲ. ನಮ್ಮವರಿಗೆ ಅಕಾಡೆಮಿ ಅಂದ್ರೆ ಅದೇ ಆಗಿತ್ತು.

ಕ್ಲಬ್ಬಿನ ಕಾಂಟ್ರಾಕ್ಟಿನಲ್ಲಿ ಆಡಿದವರಿಗೆ ಈ ಆಸರೆ ಇಲ್ಲ. ಬೆಂಗಳೂರಿನ ಷಣ್ಮುಗಂ ವೆಂಕಟೇಶ್ ಭಾರತಕ್ಕೆ ಆಡಿದವರು, ಮಹೀಂದ್ರಾ ಯುನೈಟೆಡ್ ಆಟಗಾರ. ಆ ಕ್ಲಬ್ 2010ರಲ್ಲಿ ಬಾಗಿಲು ಹಾಕಿತು. ವೆಂಕಟೇಶ್ ಮುಂದೆ ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಆದರು, ಎಳೆಯ ಹುಡುಗರ ಇಂಡಿಯನ್ ಆ್ಯರೋಸ್ ತಂಡಕ್ಕೆ ಮುಖ್ಯ ಕೋಚ್ ಆದರು. ಹೆಮ್ಮೆಯ ವಿಷಯ. ಆದರೆ ಕೋಚ್ ಆಗೋ ಏಣಿ ನೋಡಿ: ಡಿ, ಸಿ, ಬಿ, ಎ, ಪ್ರೊ ಅಂತ ಒಂದೊಂದೇ ಲೈಸೆನ್ಸ್. ಪ್ರತಿಯೊಂದಕ್ಕೂ ಫೀಸು, ಊರು ಬಿಟ್ಟು ಇರೋ ಖರ್ಚು, ಆ ದಿನಗಳ ಕೂಲಿ ಖೋತಾ. ಲೈಸೆನ್ಸ್ ಬೇಡ ಅಂತ ನಾನು ಹೇಳಲ್ಲ; ಮಕ್ಕಳನ್ನು ಕೈಗೆ ಕೊಡೋವಾಗ ತರಬೇತಿ ಇರಲೇಬೇಕು. ಅದಕ್ಕೆ ದುಡ್ಡು ಯಾರು ಕಟ್ಟಬೇಕು ಅನ್ನೋದೇ ಪ್ರಶ್ನೆ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಭದ್ರಾವತಿ ಪ್ರೊ. ಬಿ. ಕೃಷ್ಣಪ್ಪನವರು ಪಾಠ ಮಾಡಿದ ಊರು, ದಸಂಸ ಬೇರು ಬಿಟ್ಟ ಊರು. ಸರ್ಕಾರಿ ಕಾರ್ಖಾನೆಯ ನೌಕರಿ ನಮ್ಮ ಎಷ್ಟೋ ಮನೆಗಳನ್ನು ಎತ್ತಿತು. ಎಂಪಿಎಂ 2015ರಲ್ಲಿ ನಿಂತಿತು. 1923ರಿಂದ ಕಬ್ಬಿಣ ಕಾಯಿಸಿದ ವಿಐಎಸ್‌ಎಲ್ ಮುಚ್ಚೋಕೆ ಸೈಲ್ 2023ರ ಜನವರಿಯಲ್ಲಿ ತೀರ್ಮಾನಿಸಿತು, ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಅತ್ತ ಬಳ್ಳಾರಿ ಕಡೆ ಜಿಂದಾಲ್ ಉಕ್ಕಿನ ದುಡ್ಡಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಎದ್ದಿತು. ಎರಡೂ ಉಕ್ಕೇ. ಸರ್ಕಾರಿ ಉಕ್ಕಿನ ನೌಕರಿಗೆ ಮೀಸಲಾತಿ ಇತ್ತು, ಖಾಸಗಿ ಉಕ್ಕಿಗೆ ಆ ಹಂಗಿಲ್ಲ.

2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಕೈಯಲ್ಲಿದೆ. ಆಡಿ ಬಿಟ್ಟ ನಮ್ಮ ಹುಡುಗ-ಹುಡುಗಿಯರ ಕೋಚಿಂಗ್ ಲೈಸೆನ್ಸಿನ ಖರ್ಚು ಆ ಹಣದಿಂದ ಕೊಡಿ ಅಂತ ಮನವಿ ಟೈಪ್ ಮಾಡಿದ್ದೀನಿ. ಮುಂದಿನ ವಾರ ಜಿಲ್ಲಾಧಿಕಾರಿ ಕಚೇರಿಗೆ ಕೊಡೋಣ. ಸಹಿ ಹಾಕೋರು ಗಾಂಧಿ ಬಜಾರಿಗೆ ಬನ್ನಿ, ಆಫೀಸ್ ಬಿಟ್ಟ ಮೇಲೆ ಅಲ್ಲೇ ಸಿಗ್ತೀನಿ.