ಖರಾಬು ಎಂಬ ಕಾಲಂ

ಪಹಣಿಯಲ್ಲಿ 'ಖರಾಬು' ಅಂತೊಂದು ಕಾಲಂ ಇದೆ, ನೋಡಿದ್ದೀರಾ? ಬ್ರಿಟಿಷರ ಕಾಲದ ಸರ್ವೆಯಲ್ಲಿ ಕಂದಾಯ ಹಾಕಲು ಬಾರದ ನೆಲಕ್ಕೆ ಬಿದ್ದ ಹೆಸರದು. ಉಳಲು ಬಾರದ ಜಾಗ, ಹಳ್ಳ, ದಾರಿ, ಸ್ಮಶಾನ ಎಲ್ಲವೂ ಅದರೊಳಗೆ. ನಮ್ಮಲ್ಲಿ ಹಲವರು ದನ ಕಾಯುತ್ತಲೇ ಓದಿದವರು. ನಾವು ಕಂಡ ಖರಾಬಿನಲ್ಲಿ ಹುಲ್ಲಿತ್ತು, ಸೌದೆಯಿತ್ತು, ಬಾರಿಹಣ್ಣಿತ್ತು. ಲೆಕ್ಕದ ಪುಸ್ತಕದಲ್ಲಿ ಇವು ಯಾವುವೂ ಬೆಳೆಯಲ್ಲ. ಹಾಗಾಗಿಯೇ ಕಾರ್ಖಾನೆಗೊಂದು ಬೆಳೆ ಬೇಕಾದಾಗಲೆಲ್ಲ ಕಣ್ಣು ಮೊದಲು ಬೀಳುವುದು ಇಂಥ ನೆಲದ ಮೇಲೆ.

1984ರಲ್ಲಿ ಬಂದದ್ದು ನೀಲಗಿರಿ. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿದವು. ರೇಯಾನ್ ಬಟ್ಟೆಯ ನಾರಿಗೆ ಮರದ ತಿರುಳು ಬೇಕಿತ್ತು. ಅದಕ್ಕಾಗಿ ಸುಮಾರು 30,000 ಹೆಕ್ಟೇರ್ 'ಸಿ ಮತ್ತು ಡಿ ವರ್ಗ'ದ ಸರ್ಕಾರಿ ಭೂಮಿಯನ್ನು ಗುತ್ತಿಗೆ ಕೊಡುವುದೆಂದಾಯಿತು. ಕಾಗದದಲ್ಲಿ ಅದು ಬರಡು, ಊರವರಿಗೆ ದನ ಮೇಯುವ ಜಾಗ. ನೀಲಗಿರಿ ಸೊಪ್ಪನ್ನೋ, ಕುರಿ ಮೂಸಿಯೂ ನೋಡುವುದಿಲ್ಲ.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದಾಳು. ಸತ್ಯಾಗ್ರಹದ ಹೆಸರು 'ಕಿತ್ತಿಕೋ ಹಚ್ಚಿಕೋ'. (ದಕ್ಷಿಣದ ಗೆಳೆಯರಿಗೊಂದು ಮಾತು: ಆ ಕಡೆ ಗಿಡ ಹಚ್ಚುವುದೆಂದರೆ ನೆಡುವುದು.) ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಈ ಚಳವಳಿಯ ಬಗ್ಗೆ ಮಾತಾಡುವವರು ಕಿತ್ತಿದ್ದನ್ನಷ್ಟೇ ನೆನೆಯುತ್ತಾರೆ. ನಮಗೆ ಹಚ್ಚಿದ್ದೇ ದೊಡ್ಡದೆನಿಸುತ್ತದೆ. ಈ ನೆಲ ಬರಡಲ್ಲ, ಇದರಲ್ಲಿ ನಮಗೆ ಬೇಕಾದ್ದು ಇಂಥದ್ದು ಎಂದು ಗುದ್ದಲಿ ಹಿಡಿದೇ ಹೇಳಿದ ಉತ್ತರವದು. ಶಿವರಾಮ ಕಾರಂತರೂ ಸೇರಿ ಕೆಲವರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಕಂಪನಿ ಮುಚ್ಚಿತು.

ಮಾತು ಮಾತ್ರ ಮುಚ್ಚಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಡೀಸೆಲ್‌ಗಾಗಿ ಜತ್ರೋಫಾ ಬೆಳೆಯಿರಿ ಎಂದಿತು. ಜತ್ರೋಫಾ ಎಂದರೆ ನಮ್ಮ ಕಾಡುಹರಳು. ಆಡು ಮುಟ್ಟುವುದಿಲ್ಲವೆಂದೇ ರೈತರು ಬೇಲಿಗೆ ಹಾಕುತ್ತಿದ್ದ ಗಿಡ. ಸಮಿತಿ ಲೆಕ್ಕಹಾಕಿದ ನೆಲ 1.34 ಕೋಟಿ ಹೆಕ್ಟೇರ್, ಬಹುಪಾಲು ಅದೇ ಪಾಳು, ಬೀಳು. 2006ರಿಂದ ಲೀಟರಿಗೆ 25 ರೂಪಾಯಿ ಖರೀದಿ ಬೆಲೆಯೂ ನಿಗದಿಯಾಯಿತು. ಒಣ ನೆಲದಲ್ಲಿ ಗಿಡ ಬದುಕಿತು. ಆದರೆ ಬದುಕುವುದೇ ಬೇರೆ, ಕಾಯಿ ಬಿಡುವುದೇ ಬೇರೆ. ಕೈತುಂಬ ಬೀಜ ಬೇಕೆಂದರೆ ನೀರೂ ಬೇಕು, ಗೊಬ್ಬರವೂ ಬೇಕು. ಅವೆರಡೂ ಇರುವ ನೆಲವನ್ನು ಪಾಳು ಅಂತ ಯಾರು ಕರೆದಾರು?

ನಮ್ಮ ರಾಜ್ಯ ಹೆಚ್ಚಾಗಿ ಹೊಂಗೆಯ ಕಡೆ ವಾಲಿತು. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಉದ್ಯಾನದವರು ಬೇರೆ ನೆಲ ಕೇಳದೆ ಹೊಲದ ಬದುವಿನಲ್ಲಿ, ಹಿತ್ತಲಲ್ಲಿ ನೆಡಿ ಎಂದರು. ಹೊಂಗೆ ಎಣ್ಣೆಯಲ್ಲಿ ದೀಪ ಹಚ್ಚಿ, ಸೊಪ್ಪನ್ನು ಗದ್ದೆಗೆ ತುಳಿದು, ಹಿಂಡಿಯನ್ನು ತೋಟಕ್ಕೆ ಹಾಕಿದ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಪಹಣಿಯಲ್ಲಿ ಆ ಕಾಲಂ ಈಗಲೂ ಇದೆ.