ಕೋಲ್ಕತಾದ ನಿರ್ಮಲ ಹೃದಯಕ್ಕೆ ಸೇವೆಗೆ ಹೊರಡುವ ವಿದ್ಯಾರ್ಥಿಗಳು: ತಂದೆತಾಯಿಯರಿಗೊಂದು ಕೈಪಿಡಿ



ರಜೆ ಹತ್ತಿರ ಬಂತೆಂದರೆ ನಮ್ಮ ಹೈಸ್ಕೂಲು, ಕಾಲೇಜು ಮಕ್ಕಳಲ್ಲಿ ಕೆಲವರು, "ಈ ಸಲ ಇಂಡಿಯಾಗೆ ಬರೀ ಮದುವೆ, ಮುಂಜಿ, ಶಾಪಿಂಗಿಗೆ ಬೇಡ, ಎಲ್ಲಾದರೂ ಸೇವೆ ಮಾಡಬೇಕು" ಎನ್ನುತ್ತಾರೆ. ಅಂಥವರು ಮೊದಲು ಹೇಳುವ ಹೆಸರುಗಳಲ್ಲಿ ಒಂದು, ಮದರ್ ತೆರೇಸಾ ಸ್ಥಾಪಿಸಿದ ಕೋಲ್ಕತಾದ ನಿರ್ಮಲ ಹೃದಯ. ಕೇಳಿದ ಅಪ್ಪ ಅಮ್ಮಂದಿರಿಗೆ ಅರ್ಧ ಹೆಮ್ಮೆ, ಅರ್ಧ ಭಯ. ಮನೆಯಲ್ಲಿ ಊಟದ ತಟ್ಟೆ ಎತ್ತದ ಮಗ ಅಲ್ಲಿ ಹೋಗಿ ಏನು ಮಾಡಿಯಾನು ಎಂಬ ಅನುಮಾನವೂ ಉಂಟು. ಹೋಗುವವರಿಗೂ ಕಳುಹಿಸುವವರಿಗೂ ನೆರವಾಗಲೆಂದು ಮುಖ್ಯ ವಿಷಯಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಹಿನ್ನೆಲೆ

ಮದರ್ ತೆರೇಸಾ 1910ರಲ್ಲಿ ಸ್ಕೋಪ್ಯೆ ನಗರದಲ್ಲಿ ಹುಟ್ಟಿದರು. 1929ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಲೊರೆಟೊ ಕಾನ್ವೆಂಟಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1948ರಲ್ಲಿ ಕಾನ್ವೆಂಟ್ ಬಿಟ್ಟು ಕೊಳೆಗೇರಿಗಳಲ್ಲಿ ಕೆಲಸ ಶುರುಮಾಡಿದರು. 1950ರಲ್ಲಿ ಮಿಷನರೀಸ್ ಆಫ್ ಚಾರಿಟಿ ಸಂಸ್ಥೆ ಹುಟ್ಟಿತು. ಬಂಗಾಳದ ಕ್ಷಾಮ, ದೇಶ ವಿಭಜನೆ, ನಿರಾಶ್ರಿತರ ಪ್ರವಾಹ ಇವೆಲ್ಲದರಿಂದ ಬಳಲಿದ್ದ ಊರದು. ಫುಟ್‌ಪಾತಿನ ಮೇಲೆ ಜನ ಸಾಯುತ್ತಿದ್ದ ಕಾಲ. ಅಂಥವರಿಗಾಗಿ 1952ರಲ್ಲಿ ಕಾಳೀಘಾಟಿನ ದೇವಸ್ಥಾನದ ಪಕ್ಕದ ಹಳೆಯ ಯಾತ್ರಿಕರ ಛತ್ರವನ್ನು ನಗರಪಾಲಿಕೆ ಅವರಿಗೆ ಬಿಟ್ಟುಕೊಟ್ಟಿತು. ಅದೇ ನಿರ್ಮಲ ಹೃದಯ. ಮತಾಂತರದ ಅನುಮಾನದಿಂದ ಆರಂಭದಲ್ಲಿ ಸ್ಥಳೀಯರ ವಿರೋಧವೂ ಇತ್ತು. ತೆರೇಸಾ ಅವರಿಗೆ 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, 1980ರಲ್ಲಿ ಭಾರತ ರತ್ನ ಸಂದವು. 1997ರ ಸೆಪ್ಟೆಂಬರ್ 5ರಂದು ಅವರು ತೀರಿಕೊಂಡರು. ಎ.ಜೆ.ಸಿ. ಬೋಸ್ ರಸ್ತೆಯ ಮದರ್ ಹೌಸ್‌ನಲ್ಲಿ ಅವರ ಸಮಾಧಿ ಇದೆ.

ಸಮಸ್ಯೆ ಹಳೆಯ ಕಾಲದ್ದೆಂದು ತಿಳಿಯಬೇಡಿ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸೂರಿಲ್ಲದವರ ಸಂಖ್ಯೆ ಸುಮಾರು 17.7 ಲಕ್ಷ, ಇದರಲ್ಲಿ 9 ಲಕ್ಷಕ್ಕೂ ಹೆಚ್ಚು ಮಂದಿ ನಗರವಾಸಿಗಳು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಲ್ಲ ಒಂದು ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಆದೇಶಿಸಿತು. ಕೇಂದ್ರ ಸರ್ಕಾರ 2013ರಲ್ಲಿ ನಗರ ಜೀವನೋಪಾಯ ಯೋಜನೆಯಡಿ ಇದಕ್ಕೆ ಹಣದ ವ್ಯವಸ್ಥೆ ಮಾಡಿತು.

ಅಲ್ಲಿ ಏನು ಕೆಲಸ?

ನಮ್ಮ ಮಕ್ಕಳಿಗೆ ಮೊದಲೇ ಹೇಳಬೇಕಾದ ಮಾತು: ಅಲ್ಲಿ "ಪ್ರಾಜೆಕ್ಟ್" ಇರುವುದಿಲ್ಲ. ಬಟ್ಟೆ ಒಗೆಯುವುದು, ಹಿಂಡುವುದು, ಒಣಹಾಕುವುದು, ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಕೈಲಾಗದವರಿಗೆ ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ಸುಮ್ಮನೆ ಕೈ ಹಿಡಿದು ಕೂರುವುದು. ಇಷ್ಟೇ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವಾರ್ಡು. ಫೋಟೋ ತೆಗೆಯುವಂತಿಲ್ಲ. ಸ್ವಯಂಸೇವಕರು ಯಾವ ಮತದವರಾದರೂ ಆಗಬಹುದು, ಬೆಳಗಿನ ಪ್ರಾರ್ಥನೆಗೆ ಹೋಗಲೇಬೇಕೆಂಬ ಕಡ್ಡಾಯವಿಲ್ಲ.

ಹಲವು ವರ್ಷಗಳಿಂದ ನಡೆದುಬಂದ ಕ್ರಮ ಹೀಗಿದೆ: ಹೊಸಬರು ಶಿಶು ಭವನದಲ್ಲಿ ಹೆಸರು ನೋಂದಾಯಿಸಬೇಕು. ಯಾವ ಮನೆಗೆ ಹೋಗಬೇಕೆಂದು ಸಿಸ್ಟರ್‌ಗಳು ತೀರ್ಮಾನಿಸುತ್ತಾರೆ. ಪ್ರೇಮ್ ದಾನ್‌ನಂಥ ಬೇರೆ ಆಶ್ರಮಗಳೂ ಇವೆ, ನಿರ್ಮಲ ಹೃದಯವೇ ಸಿಗಬೇಕೆಂದಿಲ್ಲ. ಬೆಳಗ್ಗೆ ಮದರ್ ಹೌಸ್‌ನಲ್ಲಿ ಬ್ರೆಡ್ಡು, ಬಾಳೆಹಣ್ಣು, ಚಹಾ ಮುಗಿಸಿ ಎಲ್ಲರೂ ತಮ್ಮ ತಮ್ಮ ಮನೆಗೆ ಹೊರಡುತ್ತಾರೆ. ಗುರುವಾರ ರಜೆ. ನೋಂದಣಿಯ ದಿನ, ಸಮಯ, ವಯಸ್ಸಿನ ಮಿತಿ ಬದಲಾಗಬಹುದು. ಟಿಕೆಟ್ ಕಾದಿರಿಸುವ ಮುನ್ನ ಸಂಸ್ಥೆಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ವಸತಿಯನ್ನು ಅವರು ಕೊಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ಆದ್ದರಿಂದ "ಸೇವಾ ಪ್ಯಾಕೇಜ್" ಎಂದು ಸಾವಿರಾರು ಡಾಲರ್ ಕೇಳುವ ಮಧ್ಯವರ್ತಿಗಳು ಸಿಕ್ಕರೆ, ಆ ದುಡ್ಡು ಯಾರಿಗೆ ಸೇರುತ್ತದೆ ಎಂದು ಲೆಕ್ಕ ಕೇಳಿ.

ಭಾಷೆಯ ವಿಷಯ. ನಮಗೆ ಕೋಲ್ಕತಾ ಸ್ವದೇಶವಾದರೂ ಮಾತಿನಲ್ಲಿ ಪರದೇಶವೇ. ಕನ್ನಡ ಅಲ್ಲಿ ನಡೆಯದು. "ಜಲ್" ಎಂದರೆ ನೀರು, "ಮಾಶಿ" ಎಂದರೆ ಚಿಕ್ಕಮ್ಮ, "ದಾದಾ" ಎಂದರೆ ಅಣ್ಣ, "ಬ್ಯಥಾ" ಎಂದರೆ ನೋವು. ಇಂಥ ಇಪ್ಪತ್ತು ಬಂಗಾಳಿ ಪದ ಕಲಿತು ಹೋದರೆ ಕೆಲಸ ಎಷ್ಟೋ ಹಗುರ.

ಕಾಗದಪತ್ರ

ಅಮೆರಿಕ ಮುಂತಾದ ದೇಶಗಳ ಪಾಸ್‌ಪೋರ್ಟ್ ಇರುವವರು ಭಾರತದ ಇ-ಟೂರಿಸ್ಟ್ ವೀಸಾದಲ್ಲಿ ಗರಿಷ್ಠ ಒಂದು ತಿಂಗಳ, ಯಾವ ಪ್ರತಿಫಲವೂ ಇಲ್ಲದ ಸ್ವಯಂಸೇವೆ ಮಾಡಲು ನಿಯಮಗಳಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚು ಕಾಲಕ್ಕೆ ಬೇರೆ ವೀಸಾ ಬೇಕು. ಓಸಿಐ ಕಾರ್ಡ್ ಇರುವ ಮಕ್ಕಳು ಒಂದು ವಿಷಯ ಗಮನಿಸಬೇಕು. 2021ರ ಮಾರ್ಚ್ ಅಧಿಸೂಚನೆಯಂತೆ ಓಸಿಐ ಹೊಂದಿದವರು ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಪಡೆಯಬೇಕು. ರೋಗಿಗಳ ಬಟ್ಟೆ ಒಗೆಯುವುದು ಮತಪ್ರಚಾರವಲ್ಲ, ನಿಜ. ಆದರೂ ಇದು ಧಾರ್ಮಿಕ ಸಂಸ್ಥೆಯಾದ್ದರಿಂದ ಭಾರತೀಯ ಕಾನ್ಸುಲೇಟಿಗೆ ಬರೆದು, ಲಿಖಿತ ಉತ್ತರ ಪಡೆದು ಹೊರಡುವುದು ಜಾಣತನ.

ಆರೋಗ್ಯ

"ನಮ್ಮ ಮಕ್ಕಳ ಮೈಯಲ್ಲಿ ಇಂಡಿಯಾದ ರಕ್ತವೇ ತಾನೆ ಇರೋದು, ಏನೂ ಆಗಲ್ಲ" ಎನ್ನುವ ಮಾತನ್ನು ನಾವು ಬಹಳ ಮನೆಗಳಲ್ಲಿ ಕೇಳಿದ್ದೇವೆ. ಇದು ತಪ್ಪು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಟೈಫಾಯ್ಡ್, ಹೆಪಟೈಟಿಸ್-ಎ, ಮಲೇರಿಯಾ ವಿರುದ್ಧ ಯಾವ ವಿಶೇಷ ರಕ್ಷಣೆಯೂ ಇಲ್ಲ. ಹೊರಡುವ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡು ಲಸಿಕೆ ಮುಗಿಸಿ, ಮಲೇರಿಯಾ ಮಾತ್ರೆಯ ಬಗ್ಗೆ ಕೇಳಿ. ಇಂಥ ಆಶ್ರಮಗಳಲ್ಲಿ ಕ್ಷಯರೋಗಿಗಳೂ ಇರಬಹುದಾದ್ದರಿಂದ, ಹೊರಡುವ ಮೊದಲೊಮ್ಮೆ, ಮರಳಿದ 8ರಿಂದ 10 ವಾರಗಳ ಬಳಿಕ ಮತ್ತೊಮ್ಮೆ ಟಿ.ಬಿ. ಪರೀಕ್ಷೆ ಮಾಡಿಸಬೇಕೇ ಎಂದು ವಿಚಾರಿಸಿ. ಮಳೆಗಾಲದಲ್ಲಿ ಡೆಂಗಿಯ ಕಾಟ ಹೆಚ್ಚು, ಮೇ ತಿಂಗಳ ಸೆಕೆಯಂತೂ ಕೇಳುವುದೇ ಬೇಡ. ಚಳಿಗಾಲದ ರಜೆಯೇ ವಾಸಿ.

ಮನಸ್ಸಿನ ಆರೋಗ್ಯವನ್ನೂ ಮರೆಯಬಾರದು. ನಿನ್ನೆ ತುತ್ತು ಉಣಿಸಿದ ಅಜ್ಜಿಯ ಹಾಸಿಗೆ ಇಂದು ಖಾಲಿ ಇರಬಹುದು. ಸಾವನ್ನು ಹತ್ತಿರದಿಂದ ಕಾಣದ ಮಕ್ಕಳಿಗೆ ಇದು ದೊಡ್ಡ ಪೆಟ್ಟು. ದಿನಾ ಫೋನ್ ಮಾಡಿ, "ಊಟ ಆಯ್ತಾ" ಎಂದಷ್ಟೇ ಕೇಳಿ ಇಡಬೇಡಿ. ಅವರು ಹೇಳುವುದನ್ನು ಕೇಳಿಸಿಕೊಳ್ಳಿ.

ಟೀಕೆಗಳನ್ನೂ ಓದಲಿ

ಈ ಸಂಸ್ಥೆಯ ಬಗ್ಗೆ ಗಂಭೀರ ಟೀಕೆಗಳಿವೆ. 1994ರಲ್ಲಿ ನಿರ್ಮಲ ಹೃದಯಕ್ಕೆ ಭೇಟಿಕೊಟ್ಟ ರಾಬಿನ್ ಫಾಕ್ಸ್ ಆಗ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಸಂಪಾದಕರಾಗಿದ್ದರು. ಅಲ್ಲಿನ ಶುಚಿತ್ವ, ಗಾಯಗಳ ಆರೈಕೆ, ಅಕ್ಕರೆಯನ್ನು ಅವರು ಮೆಚ್ಚಿದರು. ಆದರೆ ತೀವ್ರ ನೋವಿಗೆ ತಕ್ಕ ಔಷಧಿ ಇಲ್ಲದಿರುವುದನ್ನೂ, ಗುಣವಾಗಬಲ್ಲವರನ್ನೂ ಗುಣವಾಗದವರನ್ನೂ ಬೇರ್ಪಡಿಸಿ ನೋಡದಿರುವುದನ್ನೂ ಎತ್ತಿ ತೋರಿಸಿದರು. ಕ್ರಿಸ್ಟೋಫರ್ ಹಿಚನ್ಸ್ 1995ರಲ್ಲಿ, ಕೋಲ್ಕತಾ ಮೂಲದ ವೈದ್ಯ ಅರೂಪ್ ಚಟರ್ಜಿ 2003ರಲ್ಲಿ ಕಟು ವಿಮರ್ಶೆಯ ಪುಸ್ತಕಗಳನ್ನೇ ಬರೆದರು.

ವಿದ್ಯಾರ್ಥಿಗಳಿಗೆ ಇದರಲ್ಲಿ ನೇರ ಪಾಠವಿದೆ. ತರಬೇತಿ ಇಲ್ಲದವರು ಇಂಜೆಕ್ಷನ್ ಕೊಡಬಾರದು, ಗಾಯಕ್ಕೆ ಕೈಹಾಕಬಾರದು, ಔಷಧಿ ಹಂಚಬಾರದು. ಯಾರಾದರೂ ಹೇಳಿದರೂ "ನನಗೆ ಬರುವುದಿಲ್ಲ" ಎನ್ನುವ ಧೈರ್ಯ ಇರಬೇಕು. ಮೆಡಿಕಲ್ ಸ್ಕೂಲ್ ಅರ್ಜಿಗೆ ಅನುಭವ ಬೇಕೆಂದು ರೋಗಿಯ ಮೇಲೆ ಕೈ ಪಳಗಿಸಿಕೊಳ್ಳುವುದು ಸೇವೆಯಲ್ಲ.

ಹಣ ಕೊಡುವವರಿಗೆ

ಮಗುವಿನ ವಿಮಾನದ ಟಿಕೆಟ್ಟಿನ ದುಡ್ಡನ್ನೇ ದಾನ ಮಾಡಿದರೆ ಒಳ್ಳೆಯದಲ್ಲವೇ? ನ್ಯಾಯವಾದ ಪ್ರಶ್ನೆ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಓಸಿಐ ಇದ್ದರೂ ವಿದೇಶಿ ಪೌರರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಸರ್ಕಾರದ ಪೂರ್ವಾನುಮತಿ ಇರಲೇಬೇಕು. ಮಿಷನರೀಸ್ ಆಫ್ ಚಾರಿಟಿಯ ನೋಂದಣಿಯ ನವೀಕರಣ 2021ರ ಡಿಸೆಂಬರಿನಲ್ಲಿ ನಿರಾಕರಣೆಯಾಗಿ 2022ರ ಜನವರಿಯಲ್ಲಿ ಮರಳಿ ಸಿಕ್ಕಿತು. ಯಾವ ಸಂಸ್ಥೆಯಾದರೂ ಸರಿ, ಕೊಡುವ ಮುನ್ನ ಪರಿಶೀಲಿಸಿ.

ಹದಿನೈದು ದಿನದಲ್ಲಿ ನಮ್ಮ ಮಕ್ಕಳು ಕೋಲ್ಕತಾದ ಬಡತನ ನೀಗಿಸಲಾರರು. ಅಲ್ಲಿ ವರ್ಷವಿಡೀ ದುಡಿಯುವ ಸಿಸ್ಟರ್‌ಗಳಿಗೆ, ಕೆಲಸಗಾರರಿಗೆ ಕೆಲವು ದಿನ ಎರಡು ಕೈ ಹೆಚ್ಚಾಗುತ್ತವೆ, ಅಷ್ಟೇ. ನಮ್ಮದೇ ಊರಿನ ಆಶ್ರಯತಾಣದಲ್ಲಿ ಆರು ತಿಂಗಳು ವಾರಕ್ಕೊಮ್ಮೆ ಅಡುಗೆ ಬಡಿಸಿ, ಆ ಅಭ್ಯಾಸ ಕೈಗೂಡಿದ ಮೇಲೆ ಕೋಲ್ಕತಾಕ್ಕೆ ಹೊರಡಲಿ ಎಂಬುದು ನಮ್ಮ ಸಲಹೆ. ಹಾಗೆ ಹೋದವರು ಅಲ್ಲಿಯೂ ಹೆಚ್ಚು ಉಪಯೋಗಕ್ಕೆ ಬರುತ್ತಾರೆ, ಮರಳಿ ಬಂದ ಮೇಲೂ ಕೆಲಸ ಬಿಡುವುದಿಲ್ಲ. ಹೋಗಿಬರುವ ಮಕ್ಕಳಿಗೆ ಶುಭವಾಗಲಿ!